ಪರಾಸ್ಕಾಳ ಅಂಗಳದಲ್ಲಿ ನಿಂತ ಗಾಡಿಗಳು

ನೆಸ್ಟರ್ ಪಿಡ್ರುಚ್ನಿ ಆಯುಷ್ಯವಿಡೀ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ. ಆಗಬಾರದೆಂಬ ಹಟವೇನೂ ಇರಲಿಲ್ಲ. ಕೇಳಬೇಕೆಂದುಕೊಂಡವಳನ್ನು ಕೇಳಲು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಅವಳ ಮದುವೆಯ ಊಟಕ್ಕೇ ಕರೆ ಬಂದಿತ್ತು, ಅಷ್ಟೆ. ಅರವತ್ತಾರು ದಾಟಿದ ಈ ಮನುಷ್ಯನಿಗೆ ದೇವರ ಬಗ್ಗೆ, ರಾಜಕೀಯದ ಬಗ್ಗೆ, ಗೋಧಿಯ ಧಾರಣೆಯ ಬಗ್ಗೆ ಅಂಥ ಗಟ್ಟಿ ಅಭಿಪ್ರಾಯಗಳಿರಲಿಲ್ಲ. ಇದ್ದದ್ದೊಂದೇ, ಅದು ಬ್ಯಾಟರಿಯ ಬಗ್ಗೆ.

"ಬ್ಯಾಟರಿ ದುಡಿದು ಸಾಯಲ್ಲ ಕಣ್ರೀ, ಸುಮ್ಮನೆ ಕೂತು ಸಾಯುತ್ತೆ" ಎನ್ನುತ್ತಿದ್ದ. ಕೇಳಿದವರು ಆಕಳಿಸುತ್ತಿದ್ದರು.

ಅವನ ಊರು ಕ್ರೇನ್ ಹಿಲ್‌ನಲ್ಲಿ ನವೆಂಬರಿನ ಹಿಮ ಬಿದ್ದು ನಿಂತಿತೆಂದರೆ ಕೈ ತುಂಬ ಪಿಂಚಣಿ ಬರುವವರೆಲ್ಲ ಅರಿಜೋನಾದ ಬಿಸಿಲಿಗೆ ಹಾರುತ್ತಿದ್ದರು. ಮತ್ತೆ ಮುಖ ತೋರಿಸುತ್ತಿದ್ದದ್ದು ಈಸ್ಟರ್ ಕಳೆದ ಮೇಲೆ. ಅವರ ಮನೆಗಳೆಲ್ಲ ಹೆದ್ದಾರಿಯ ಪಕ್ಕದ ಹೊಸ ಬೀದಿಯಲ್ಲಿದ್ದವು. ಚಳಿಗಾಲವಿಡೀ ಒಂದು ಕಿಟಕಿಯಲ್ಲೂ ಬೆಳಕಿರದ ಆ ಬೀದಿಗೆ ಊರಿನವರು 'ಕತ್ತಲೆ ಸಾಲು' ಎಂದೇ ಹೆಸರಿಟ್ಟಿದ್ದರು. ಪಕ್ಕದ ಊರಿನಲ್ಲಿ ಬೀಗ ಹಾಕಿದ್ದ ಮನೆಯೊಂದು ವೈರು ಸುಟ್ಟು ಬೂದಿಯಾದ ಮೇಲೆ ಯಾರೂ ಕರೆಂಟ್ ಬಿಟ್ಟು ಹೋಗುತ್ತಿರಲಿಲ್ಲ. ಮೇನ್ ಸ್ವಿಚ್ ಆರಿಸಿ, ಕಾರಿನ ಕೀಲಿಕೈಗಳನ್ನು ನೆಸ್ಟರನ ಕೈಗೆ ಹಾಕಿ, "ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು ಮಾರಾಯ, ಸಾಕು" ಎಂದು ಹೇಳಿ ವಿಮಾನ ಹತ್ತುತ್ತಿದ್ದರು.

ಆ ಐದು ನಿಮಿಷದ ಮಾತು ಕೇಳಿದರೆ ನೆಸ್ಟರನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಚಳಿಯಲ್ಲಿ ಇಂಜಿನ್ ಎಬ್ಬಿಸುವುದಕ್ಕೇ ಬ್ಯಾಟರಿಯ ಅರ್ಧ ಜೀವ ಹೋಗುತ್ತದೆ. ಐದು ನಿಮಿಷ ಗುರುಗುಟ್ಟಿಸಿ ಆರಿಸಿದರೆ ಸೇರುಗಟ್ಟಲೆ ತೆಗೆದು ಚಮಚದಲ್ಲಿ ಹಾಕಿದಂತೆ. ಅದು ಆರೈಕೆಯಲ್ಲ, ನಿಧಾನವಾದ ಕೊಲೆ. ದೋಣಿ, ಹುಲ್ಲು ಕತ್ತರಿಸುವ ಗಾಡಿ, ಹಿಮದ ಸ್ಕೂಟರುಗಳ ಬ್ಯಾಟರಿಗಳನ್ನೇನೋ ಅವನು ಬಿಚ್ಚಿ ತಂದು ತನ್ನ ಮನೆಯ ನೆಲಮಾಳಿಗೆಯಲ್ಲಿ ಸಾಲಾಗಿ ಕೂರಿಸಿ ಚಾರ್ಜರ್ ಹಚ್ಚುತ್ತಿದ್ದ. ಕಾರುಗಳಿಗೆ ಮಾತ್ರ ರಸ್ತೆಯೇ ಮದ್ದು: ಹೆದ್ದಾರಿಯಲ್ಲಿ ಅರ್ಧ ಗಂಟೆಯ ಒಳ್ಳೆಯ ಓಟ. ಹಾಗಾಗಿ ದಿನಕ್ಕೊಂದು ಮನೆಯಂತೆ ಹೋಗಿ, ಮೇನ್ ಸ್ವಿಚ್ ಹಾಕಿ, ಇಂಜಿನ್ ಬೆಚ್ಚಗಿಡುವ ವೈರನ್ನು ಪ್ಲಗ್ಗಿಗೆ ಚುಚ್ಚಿ, ಅದು ಬೆಚ್ಚಗಾಗುವ ತನಕ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದು, ಆಮೇಲೆ ಗಾಡಿಯನ್ನು ಹೊರಗೆ ತೆಗೆಯುತ್ತಿದ್ದ. ಯಜಮಾನರಿಗೆ ಇದನ್ನು ಹೇಳಿರಲಿಲ್ಲ. ಹೇಳಿದರೆ ಬೇಡ ಎನ್ನುತ್ತಿದ್ದರು. ಬೇಡ ಎಂದಮೇಲೆ ಬ್ಯಾಟರಿ ಸಾಯುತ್ತಿತ್ತು.

ತೊಂದರೆ ಇದ್ದದ್ದು ತಿರುಗಿಸುವುದರಲ್ಲಿ. ಹೆದ್ದಾರಿಯ ಎರಡೂ ಬದಿ ಎದೆಮಟ್ಟ ಹಿಮ. ಊರಿನಿಂದ ಕಾಲು ಗಂಟೆ ಪೂರ್ವಕ್ಕೆ ಹೋದರೆ ಒಂದೇ ಒಂದು ಅಗಲವಾದ ಅಂಗಳ ಸಿಗುತ್ತಿತ್ತು. ಅದು ಪರಾಸ್ಕಾ ವಿಂಟೋನ್ಯಾಕಳ ಮನೆಯದು. ಗಂಡ ತೀರಿಕೊಂಡ ಮೇಲೆ ದನಗಳನ್ನು ಮಾರಿ ಒಬ್ಬಳೇ ಇದ್ದಳು. ದನದ ಲಾರಿಗಳು ತಿರುಗುತ್ತಿದ್ದ ಆ ಅಂಗಳವನ್ನು ಯಾರೂ ಬರದಿದ್ದರೂ ಟ್ರ್ಯಾಕ್ಟರಿನಲ್ಲಿ ತಾನೇ ಹಿಮ ತಳ್ಳಿ ಹಸನಾಗಿಟ್ಟಿದ್ದಳು.

ಮೊದಲ ಸಲ ನೆಸ್ಟರ್ ಅಲ್ಲಿಗೆ ತಿರುಗಿಸಿದ್ದು ಕತ್ತಲೆ ಸಾಲಿನ ಕೊನೆಯ ಮನೆಯವರ ಮೋಟಾರ್ ಹೋಮನ್ನು. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ, ಬಸ್ಸಿನಷ್ಟುದ್ದದ ಆ ಗಾಡಿ ಅಂಗಳದ ನಡುವೆ ಬಂದದ್ದೇ ಪರಾಸ್ಕಾ ಕೈಯಲ್ಲಿ ಲಟ್ಟಣಿಗೆ ಹಿಡಿದು ಹೊರಗೆ ಬಂದಳು.

"ಯಾರಯ್ಯಾ ಅದು? ಮನೇನೇ ಹೊತ್ಕೊಂಡು ಬಂದಿದೀಯಲ್ಲ!"

ನೆಸ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ನಾನು... ನೆಸ್ಟರ್. ಬಸ್ ರಿಪೇರಿ ನೆಸ್ಟರ್. ತಿರುಗಿಸ್ಕೊಂಡು ಹೋಗ್ಬಿಡ್ತೀನಿ."

"ಓ, ನೀವಾ? ತಿರುಗಿಸೋದು ಆಮೇಲೆ. ಬಾಗಿಲು ತೆಗೆದಿದೀನಿ, ಒಳಗಿನ ಬಿಸಿಯೆಲ್ಲ ಊರಿಗೆ ಹೋಗ್ತಿದೆ. ಬನ್ನಿ ಒಳಗೆ. ಕಾಫಿ ಇಟ್ಟಿದೀನಿ."

"ಇಂಜಿನ್ ಆರಿಸಿದ್ರೆ ತಣ್ಣಗಾಗುತ್ತೆ..."

"ಅದಕ್ಕೇನು?" ಎಂದವಳೇ ಗಾಡಿಯ ಮೂತಿಯಲ್ಲಿ ಜೋತಾಡುತ್ತಿದ್ದ ವೈರನ್ನು ಎಳೆದು ಜಗುಲಿಯ ಪ್ಲಗ್ಗಿಗೆ ಚುಚ್ಚಿದಳು. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಕಾರಿಗೂ ಮಲಗುವಾಗ ಕಂಬಳಿ ಬೇಕು. ಇಂಜಿನ್ ಬೆಚ್ಚಗಿಡುವ ವೈರು ಅದೇ.

ಬಿಸಿ ಕಾಫಿ, ಗಸಗಸೆ ತುಂಬಿದ ಸುರುಳಿ ರೊಟ್ಟಿ. ನೆಸ್ಟರ್ ಎರಡು ಹೋಳು ತಿಂದ. ಮಾತು ಹೇಗೋ ಬ್ಯಾಟರಿಗೆ ಬಂತು. ಪರಾಸ್ಕಾ ಆಕಳಿಸಲಿಲ್ಲ. "ಹಾಗಾದ್ರೆ ನನ್ನ ಟ್ರ್ಯಾಕ್ಟರ್‌ನ ವಾರಕ್ಕೆರಡು ಸಲ ಓಡಿಸ್ತೀನಲ್ಲ, ಅದು ಸರಿಯಾ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಮರುಪ್ರಶ್ನೆ ಕೇಳಿದ್ದು ಅದೇ ಮೊದಲು. ನೆಸ್ಟರ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಮೂರನೆಯ ಹೋಳನ್ನು ತೆಗೆದುಕೊಂಡ.

ಅಲ್ಲಿಂದ ಮುಂದೆ ಯಾವ ಗಾಡಿ ತೆಗೆದರೂ ಅದರ ಮೂತಿ ಪೂರ್ವಕ್ಕೇ ತಿರುಗುತ್ತಿತ್ತು. ಸೋಮವಾರ ಮಂಡಿಯ ಆಪರೇಷನ್ನಿಗೆಂದು ಎಡ್ಮಂಟನ್ನಿಗೆ ಹೋಗಿದ್ದ ಹಿರಿಯ ಪಾದ್ರಿಗಳ ಬೂದಿ ಬಣ್ಣದ ಕಾರು. ಮಂಗಳವಾರ ವಸೀಲ್ ಕೊರೋಲನ ನೀಲಿ ಪಿಕಪ್ಪು. ಹೀಗೇ ವಾರ ತುಂಬುತ್ತಿತ್ತು. ಕ್ರಿಸ್ಮಸ್ ಹೊತ್ತಿಗೆ ಅವರಿಬ್ಬರ ನಡುವಿನ 'ನೀವು' ಯಾವಾಗಲೋ 'ನೀನು' ಆಗಿಹೋಗಿತ್ತು. ಮೊದಲು ಯಾರು ಹಾಗೆ ಕರೆದರೆಂದು ಇಬ್ಬರಿಗೂ ನೆನಪಿರಲಿಲ್ಲ. ಪರಾಸ್ಕಾ ಮಾತ್ರ "ನೀನೇ" ಎಂದು ವಾದಿಸುತ್ತಿದ್ದಳು.

ಊರ ಅಂಚೆ ಹಂಚುವ ಫ್ಲೋರೆನ್ಸ್ ಕಿಂಡ್ರಾಚುಕ್ ದಿನಾ ಅದೇ ರಸ್ತೆಯಲ್ಲಿ ಹೋಗುತ್ತಿದ್ದಳು. ಫ್ಲೋರೆನ್ಸಳ ಕಣ್ಣು ಗಿಡುಗನ ಕಣ್ಣು. ನಾಲಿಗೆಗೆ ಮಾತ್ರ ಗೂಡೇ ಇರಲಿಲ್ಲ. ಕೋ-ಆಪ್ ಅಂಗಡಿಯ ಮೂಲೆಯಲ್ಲಿ ಊರಿನವರು ಕಾಫಿಗೆ ಕೂರುವ ಮೇಜಿನಲ್ಲಿ ಒಂದು ದಿನ ಅವಳು ಕೈಗವಸು ಬಿಚ್ಚುತ್ತಲೇ ಶುರುಮಾಡಿದಳು. ನೆಸ್ಟರ್ ಅದೇ ಮೇಜಿನಲ್ಲಿದ್ದ.

"ಪರಾಸ್ಕಾ ಮನೆ ಮುಂದೆ ದಿನಕ್ಕೊಂದು ಗಾಡಿ ನಿಲ್ತಿದೆ. ಗೊತ್ತಾ ನಿಮಗೆ?"

"ದಾರಿ ಕೇಳೋಕೆ ನಿಲ್ಲಿಸಿರ್ಬೇಕು ಬಿಡೇ" ಎಂದ ಒಬ್ಬ ಮುದುಕ.

"ದಾರಿ ಕೇಳೋರು ಪ್ಲಗ್ ಹಾಕ್ತಾರೇನು?"

ಕಾಫಿ ಲೋಟಗಳೆಲ್ಲ ಮೇಜಿಗೆ ಇಳಿದವು. ಇಂಜಿನ್ ಓಡುತ್ತಲೇ ಇದ್ದರೆ ಬಂದವನು ಬಾಗಿಲಲ್ಲೇ ನಿಂತು ಮಾತಾಡಿ ಹೋಗುವವನು. ಪ್ಲಗ್ ಹಾಕಿದನೆಂದರೆ ಕೋಟು ಬಿಚ್ಚಿ ಗೂಟ ಹೊಡೆದು ಕೂತವನು. ಇದು ಅಲ್ಲಿ ಮಕ್ಕಳಿಗೂ ಗೊತ್ತು.

"ಸೋಮವಾರ ಪಾದ್ರಿಗಳ ಕಾರು ನಿಂತಿತ್ತು" ಎಂದಳು ಫ್ಲೋರೆನ್ಸ್ ಧ್ವನಿ ತಗ್ಗಿಸಿ.

"ಪಾದ್ರಿಗಳು ಆಪರೇಷನ್ನಿಗೆ ಹೋಗಿದಾರಲ್ಲೇ!"

"ಹೋಗಿದೀನಿ ಅಂತ ಹೇಳಿದ್ದು ಅವರೇ ತಾನೇ? ಅರಿಜೋನಾಗೆ ಹೋಗ್ತೀವಿ ಅಂದೋರೆಲ್ಲ ಅರಿಜೋನಾದಲ್ಲೇ ಇದಾರೆ ಅಂತ ನೀವು ಕಣ್ಣಾರೆ ಕಂಡಿದೀರಾ? ಮಂಗಳವಾರ ವಸೀಲನ ಪಿಕಪ್ಪು. ಗುರುವಾರ, ದೇವರಾಣೆ, ಒಂದು ಮನೇನೇ ಬಂದು ನಿಂತಿತ್ತು!"

"ಓಡಿಸ್ಕೊಂಡು ಬಂದೋರು ಯಾರು ಅಂತ ನೋಡಿದ್ಯಾ?"

"ಟೋಪಿ ಕಣ್ಣಿನ ತನಕ, ಶಾಲು ಮೂಗಿನ ತನಕ. ಯಾರು ಅಂತ ಗೊತ್ತಾಗುತ್ತೆ? ಗೊತ್ತಾಗಬಾರದು ಅಂತಲೇ ಅಲ್ವಾ ಸುತ್ಕೊಂಡಿರೋದು!"

ಹೊರಗೆ ಮೂಗು ಮುಚ್ಚದೆ ಹೊರಟರೆ ಮೂಗೇ ಉದುರಿಹೋಗುವಂಥ ಚಳಿ. ಅದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ನಾನೇ ಕಣ್ರೀ, ಬ್ಯಾಟರಿಗೋಸ್ಕರ ಎಂದು ನೆಸ್ಟರ್ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಮುದುಕ "ಈ ವಯಸ್ಸಿನಲ್ಲೂ ಪರಾಸ್ಕಾ ನೋಡೋಕೆ ಲಕ್ಷಣವಾಗೇ ಇದಾಳೆ" ಎಂದ. ನೆಸ್ಟರನ ಕಿವಿ ಕೆಂಪಾಯಿತು. ತೆರೆದ ಬಾಯಿಗೆ ಬಿಸ್ಕತ್ತು ಹಾಕಿಕೊಂಡು ಸುಮ್ಮನಾದ.

ಸುದ್ದಿ ಊರಿನಲ್ಲೇ ಇದ್ದಿದ್ದರೆ ಹೇಗೋ ಕರಗಿಹೋಗುತ್ತಿತ್ತು. ಆದರೆ ಫ್ಲೋರೆನ್ಸಳಿಗೂ ವಸೀಲನ ಹೆಂಡತಿ ಯೂಸ್ತಿನಾಳಿಗೂ ವಾರಕ್ಕೊಮ್ಮೆ ಫೋನಿನ ಮಾತು ನಡೆಯುತ್ತಿತ್ತು. ಒಂದು ಬೆಳಿಗ್ಗೆ ನೆಸ್ಟರನಿಗೆ ಅರಿಜೋನಾದಿಂದ ವಸೀಲನ ಫೋನು ಬಂತು. ಗುಸುಗುಸು ಧ್ವನಿ, ಎಲ್ಲೋ ಬಚ್ಚಲಲ್ಲಿ ನಿಂತು ಮಾತಾಡುತ್ತಿದ್ದಂತಿತ್ತು.

"ನೆಸ್ಟರ್, ನನ್ನ ಪಿಕಪ್ಪು ಎಲ್ಲಿದೆಯೋ?"

"ನಿನ್ನ ಗ್ಯಾರೇಜಲ್ಲಿ" ಎಂದ ನೆಸ್ಟರ್. ಅದು ಸುಳ್ಳಲ್ಲ; ಅವತ್ತು ಬುಧವಾರ.

"ಹಾಗಾದ್ರೆ ಇವಳು ಹೇಳ್ತಿರೋದೇನು? ಅದು ಪರಾಸ್ಕಾ ಮನೆ ಮುಂದೆ ನಿಲ್ಲುತ್ತಂತೆ! ಜನವರಿಯಲ್ಲಿ ಹಲ್ಲು ತೋರಿಸೋಕೆ ಅಂತ ನಾನೊಬ್ಬನೇ ಊರಿಗೆ ಬಂದಿದ್ನಲ್ಲ, ಅದನ್ನ ಹಿಡ್ಕೊಂಡು ಕೂತಿದಾಳೆ. ನಾನು ಗಾಲ್ಫ್ ಆಡೋಕೆ ಅಂತ ಎರಡೆರಡು ದಿನ ಹೋಗ್ತೀನಲ್ಲ, ಆವಾಗೆಲ್ಲ ವಿಮಾನ ಹತ್ತಿ ಪರಾಸ್ಕಾ ಹತ್ರ ಹೋಗಿದೀನಿ ಅಂತಾಳೆ! ಊಟ ಹಾಕ್ತಿಲ್ಲ ಕಣೋ. ಮಾತಿಲ್ಲ. ಡಬ್ಬಿ ತೆಗೆದು ತಣ್ಣಗಿನ ಬೀನ್ಸ್ ತಿಂತಿದೀನಿ."

ಜನವರಿಯಲ್ಲಿ ವಸೀಲ್ ಬಂದದ್ದು ಹಲ್ಲಿಗಲ್ಲ, ಊರಿನ ಕರ್ಲಿಂಗ್ ಪಂದ್ಯಕ್ಕೆ. ನಾಲ್ಕು ದಿನ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಬಿಯರ್ ಕುಡಿದು, ದವಡೆ ಹಿಡಿದುಕೊಂಡು ಅರಿಜೋನಾಕ್ಕೆ ಹೋಗಿದ್ದ. ಇದು ನೆಸ್ಟರನಿಗೆ ಗೊತ್ತಿತ್ತು.

"ವಸೀಲ್, ನಾನೊಂದು ಮಾತು..."

"ಬಂದಳು" ಎಂದು ವಸೀಲ್ ಫೋನ್ ಇಟ್ಟುಬಿಟ್ಟ.

ನೆಸ್ಟರ್ ಅವತ್ತೇ ಪರಾಸ್ಕಾಳ ಮನೆಗೆ ಹೋಗಿ ಎಲ್ಲವನ್ನೂ ತೊದಲುತ್ತ ಹೇಳಿದ. ಫ್ಲೋರೆನ್ಸಳ ಮಾತು, ಪಾದ್ರಿಗಳ ಹೆಸರು, ವಸೀಲನ ತಣ್ಣಗಿನ ಬೀನ್ಸು, ಒಂದನ್ನೂ ಬಿಡಲಿಲ್ಲ. ಅವಳು ಅಳಬಹುದು, ಇಲ್ಲವೇ ತನ್ನನ್ನು ಅಟ್ಟಬಹುದು ಎಂದು ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ.

ಪರಾಸ್ಕಾ ಕುರ್ಚಿಯ ಮೇಲೆ ಕುಸಿದು ಕೂತು ನಗತೊಡಗಿದಳು. ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

"ಪಾದ್ರಿಗಳೂನಾ?"

"ಹ್ಞೂಂ."

"ಆ ಮಂಡಿ ಇಟ್ಕೊಂಡು!" ಮತ್ತೊಂದು ಸುತ್ತು ನಗು. "ಒಟ್ಟು ಎಷ್ಟು ಜನ ಅಂತೆ?"

"ಏಳು... ಮೋಟಾರ್ ಹೋಮಿನವರನ್ನೂ ಸೇರಿಸಿದ್ರೆ."

"ಗಂಡ ಸತ್ತ ಮೇಲೆ ಈ ಊರಲ್ಲಿ ಒಂದು ನರಪಿಳ್ಳೇನೂ ನನ್ನ ಕಡೆ ತಿರುಗಿ ನೋಡಿರ್ಲಿಲ್ಲ ಕಣೋ. ಚರ್ಚಲ್ಲಿ 'ಪಾಪ ಪರಾಸ್ಕಾ' ಅಂತ ತಲೆ ಸವರಿ ಹೋಗೋರು. ಮೊನ್ನೆ ಭಾನುವಾರ ನೋಡು, ನಾನು ಒಳಗೆ ಹೋದ ತಕ್ಷಣ ಇಡೀ ಚರ್ಚೇ ತಿರುಗಿ ನೋಡ್ತು! ನನ್ನ ಹೊಸ ಕೋಟ್ ನೋಡೋಕೆ ಇರ್ಬೇಕು ಅಂದ್ಕೊಂಡಿದ್ದೆ."

"ನಾನು ಎಲ್ಲರಿಗೂ ನಿಜ ಹೇಳ್ಬಿಡ್ತೀನಿ, ಪರಾಸ್ಕಾ. ನಿನ್ನ ಮಾನದ ಪ್ರಶ್ನೆ."

"ಸುಮ್ನಿರು! ಏಳು ಜನ ಬರ್ತಾರೆ ಅಂತ ಇರೋ ಕಡೆ ಒಬ್ಬನೇ ಬರ್ತಾನೆ, ಅದೂ ಬ್ಯಾಟರಿ ಚಾರ್ಜ್ ಮಾಡೋಕೆ ಅಂತ ಗೊತ್ತಾದ್ರೆ ನನ್ನ ಮಾನ ಉಳಿಯುತ್ತಾ? ಈಸ್ಟರ್ ತನಕ ಬಾಯಿ ಮುಚ್ಕೊಂಡಿರು."

ಬಡಪಾಯಿ ವಸೀಲನಿಗೆ ಏನು ಹೇಳುವುದೆಂದು ಕೇಳಿದರೆ, "ಬೀನ್ಸ್ ಒಳ್ಳೇದು, ಶಕ್ತಿ ಬರುತ್ತೆ" ಎಂದಳು. ನೆಸ್ಟರ್ ಅವಳ ಮಾತಿಗೆ ಕಟ್ಟುಬಿದ್ದ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವನಿಗೆ ನಗುವೂ ಬಂತು, 'ಬ್ಯಾಟರಿ ಚಾರ್ಜ್ ಮಾಡೋಕೆ' ಎಂದು ಅವಳು ಹೇಳಿದ ಧಾಟಿ ಎಲ್ಲೋ ಚುಚ್ಚುತ್ತಲೂ ಇತ್ತು.

ಮಾರ್ಚ್ ಮೊದಲ ವಾರ ಊರಿನ ಶವಸಂಸ್ಕಾರದ ಅಂಗಡಿಯವನು ಹೆಂಡತಿಯ ಕಾಟ ತಡೆಯಲಾರದೆ ಹವಾಯಿಗೆ ಹೊರಟ. ತಾನು ಬರುವಷ್ಟರೊಳಗೆ ಯಾರಾದರೂ ತೀರಿಕೊಂಡರೆ ಪಕ್ಕದ ಪಟ್ಟಣದವರು ನೋಡಿಕೊಳ್ಳುತ್ತಾರೆಂದು ಏರ್ಪಾಡು ಮಾಡಿ, ಹೆಣ ಸಾಗಿಸುವ ಉದ್ದನೆಯ ಕಪ್ಪು ಗಾಡಿಯ ಕೀಲಿಕೈಯನ್ನು ನೆಸ್ಟರನಿಗೆ ಕೊಟ್ಟ. "ಈ ಚಳಿಗಾಲ ಒಬ್ರೂ ಸತ್ತಿಲ್ಲ ನೆಸ್ಟರ್. ಗಾಡಿ ನಿಂತಲ್ಲೇ ನಿಂತಿದೆ" ಎಂದ, ಊರಿನವರು ಬೇಕೆಂದೇ ತನಗೆ ಮೋಸ ಮಾಡುತ್ತಿದ್ದಾರೇನೋ ಎಂಬಂತೆ.

ಬ್ಯಾಟರಿಗೆ ಏನು ಗೊತ್ತು, ಮೇಲಿರುವ ಗಾಡಿ ಮದುವೆಯದೋ ಮಸಣದ್ದೋ ಎಂದು? ಶುಕ್ರವಾರ ನೆಸ್ಟರ್ ಅದನ್ನೂ ಹೊರಗೆ ತೆಗೆದ. ಗಾಡಿ ಬೆಣ್ಣೆಯಂತೆ ಓಡಿತು. ಪರಾಸ್ಕಾಳ ಅಂಗಳಕ್ಕೆ ತಿರುಗಿಸಿ, ಅಭ್ಯಾಸದಂತೆ ವೈರನ್ನು ಜಗುಲಿಯ ಪ್ಲಗ್ಗಿಗೆ ಚುಚ್ಚಿ ಒಳಗೆ ಹೋದ. ಪರಾಸ್ಕಾ ಕಿಟಕಿಯಿಂದ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಇದೊಂದು ಬಾಕಿ ಇತ್ತು! ಬೀಟ್ರೂಟ್ ಸಾರು ಮಾಡಿದೀನಿ, ಕೂತ್ಕೋ."

ಅದೇ ಹೊತ್ತಿಗೆ ಫ್ಲೋರೆನ್ಸಳ ಅಂಚೆ ಕಾರು ಹೆದ್ದಾರಿಯಲ್ಲಿ ಗಕ್ಕನೆ ನಿಂತದ್ದನ್ನು ಅವರಿಬ್ಬರೂ ನೋಡಲಿಲ್ಲ.

ಸಾರು ಮುಗಿದು ಕಾಫಿಗೆ ಬಂದಿದ್ದರು. ಹೊರಗೆ ಒಂದು ಕಾರಿನ ಸದ್ದಾಯಿತು. ಮತ್ತೊಂದು. ಆಮೇಲೆ ಲೆಕ್ಕವೇ ಇಲ್ಲ. ನೆಸ್ಟರ್ ಪರದೆ ಸರಿಸಿ ನೋಡಿದ. ಅಂಗಳ ತುಂಬ ಗಾಡಿಗಳು. ಚರ್ಚಿನ ಹೆಂಗಸರೆಲ್ಲ ಕರಿ ಕೋಟು ತೊಟ್ಟು, ಬಟ್ಟೆ ಮುಚ್ಚಿದ ಪಾತ್ರೆಗಳನ್ನು ಹೊತ್ತು ಇಳಿಯುತ್ತಿದ್ದಾರೆ. ಆ ಸೀಮೆಯಲ್ಲಿ ಸಾವಿನ ಮನೆಗೆ ಒಯ್ಯಲೆಂದೇ ಪ್ರತಿ ಮನೆಯ ಫ್ರೀಜರಿನಲ್ಲೂ ಒಂದು ಪಾತ್ರೆ ಸಿದ್ಧವಿರುತ್ತದೆ. ಹಿರಿಯ ಪಾದ್ರಿಗಳ ಬದಲಿಗೆ ಬಂದಿದ್ದ ಎಳೆಯ ಪಾದ್ರಿ ಹೆಣದ ಗಾಡಿಯ ಹಿಂಬಾಗಿಲು ತೆರೆದು, ತಲೆ ಒಳಗೆ ಹಾಕಿ, ಪ್ರಾರ್ಥನೆಯನ್ನು ಯಾರ ಮೇಲೆ ಶುರುಮಾಡಬೇಕೆಂದು ಹುಡುಕುತ್ತಿದ್ದಾನೆ.

ಯೋಚನೆ ಮಾಡುವ ಮೊದಲೇ ಕಾಲು ನೆಸ್ಟರನನ್ನು ಅಡುಗೆ ಸಾಮಾನಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿತು. ಕೈಯಲ್ಲಿ ಇನ್ನೂ ಗಸಗಸೆ ರೊಟ್ಟಿಯ ಹೋಳಿತ್ತು.

ಬಾಗಿಲು ತಟ್ಟುವ ಸದ್ದು. ಪರಾಸ್ಕಾ ತೆರೆದಳು. ಮುಂದಿದ್ದ ಹೆಂಗಸು ಕಿಟಾರನೆ ಕಿರುಚಿ ಕೈಯಲ್ಲಿದ್ದ ಎಲೆಕೋಸಿನ ಸುರುಳಿಗಳ ಪಾತ್ರೆಯನ್ನು ಹೊಸ್ತಿಲ ಮೇಲೆ ಬಿಟ್ಟಳು.

"ಏನ್ರೇ ಇದೆಲ್ಲ?" ಎಂದಳು ಪರಾಸ್ಕಾ. "ಯಾರು ಸತ್ತದ್ದು?"

"ನೀನು!" ಎಂದಳು ಫ್ಲೋರೆನ್ಸ್, ಅಪ್ಪಟ ಆಪಾದನೆಯ ಧ್ವನಿಯಲ್ಲಿ.

"ನಾನು ಸತ್ತಿಲ್ಲ."

"ಅದು ಕಾಣುತ್ತೆ! ಹಾಗಾದ್ರೆ ಆ ಗಾಡಿ..." ಫ್ಲೋರೆನ್ಸ್ ಥಟ್ಟನೆ ನಿಂತಳು. ಕಣ್ಣುಗಳು ಅಗಲವಾದವು. ಮೇಜಿನ ಮೇಲೆ ಎರಡು ಕಾಫಿ ಲೋಟ, ಕುರ್ಚಿಯ ಬೆನ್ನಿಗೆ ಗಂಡಸಿನ ಕೋಟು. "ಅಯ್ಯೋ ದೇವರೇ. ಪರಾಸ್ಕಾ, ಅವರಲ್ಲಿ ಯಾರು?"

ಹೆಂಗಸರೆಲ್ಲ ಒಂದೇ ಉಸಿರಿಗೆ ಒಳನುಗ್ಗಿದರು. "ಪಾದ್ರಿಗಳಾ?" "ಆ ಮೋಟಾರ್ ಹೋಮಿನವನಾ? ಅವನಿಗೆ ಮೊದಲೇ ಎದೆ ಸರಿಯಿರಲಿಲ್ಲ!" "ಯಾವ ಕೋಣೆಯಲ್ಲಿ?"

ಆಗಲೇ ಇನ್ನೊಂದು ಕಾರು ಅಂಗಳಕ್ಕೆ ಬಂದು ನಿಂತಿತು. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಹಿಡಿದ ಕಾರು. ಯೂಸ್ತಿನಾ ಬಿಸಿಲಿಗೆ ಕಂದಿದ ಮುಖ, ತೆಳು ಕೋಟಿನಲ್ಲಿ ಇಳಿದಳು. ಗಂಡನನ್ನು ತೋಳು ಹಿಡಿದು ಎಳೆದುಕೊಂಡೇ ಒಳಗೆ ಬಂದಳು. ಎಲ್ಲರೆದುರು ಮುಖಾಮುಖಿ ಕೇಳಿಬಿಡಬೇಕೆಂದು ಅರಿಜೋನಾದಿಂದ ಹೊರಟು ಬಂದಿದ್ದಳು. ಅಷ್ಟು ಜನರನ್ನು ಕಂಡು ಅವಳಿಗೇ ಗಾಬರಿಯಾಯಿತು.

"ವಸೀಲ್ ಅಲ್ಲ ಬಿಡು" ಎಂದು ಯಾರೋ ನಿಟ್ಟುಸಿರು ಬಿಟ್ಟರು. "ಅವನು ಬದುಕಿದಾನೆ."

"ಸದ್ಯಕ್ಕೆ" ಎಂದಳು ಯೂಸ್ತಿನಾ.

ವಸೀಲನ ಧ್ವನಿ ಕೇಳಿದಾಗ ನೆಸ್ಟರನಿಗೆ ಇನ್ನು ತಡೆಯಲಾಗಲಿಲ್ಲ. ವಸೀಲ್ ಅಳುವುದೊಂದು ಬಾಕಿ: "ಪರಾಸ್ಕಾ, ನೀನಾದ್ರೂ ಹೇಳು, ನಿನ್ನ ಮನೆಗೆ ನಾನು ಯಾವತ್ತು ಬಂದಿದ್ದೆ?" ಪರಾಸ್ಕಾ ಉತ್ತರ ಕೊಡುವ ಮೊದಲೇ ಕೋಣೆಯ ಬಾಗಿಲು ಕಿರ್ರೆಂದು ತೆರೆಯಿತು. ಮೀಸೆಯ ಮೇಲೆ ಗಸಗಸೆ ಮೆತ್ತಿಕೊಂಡ ನೆಸ್ಟರ್ ಹೊರಗೆ ಬಂದ.

ಎಲ್ಲರೂ ಅವನತ್ತ ತಿರುಗಿದರು.

"ನಾನು" ಎಂದ. "ಎಲ್ಲ ಗಾಡೀನೂ ನಾನೇ. ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದ್ರೆ ಬ್ಯಾಟರಿ ಉಳಿಯಲ್ಲ. ಅರ್ಧ ಗಂಟೆ ಓಡಿಸ್ಬೇಕು. ಹೋಗ್ತಾ ಕಾಲು ಗಂಟೆ, ಬರ್ತಾ ಕಾಲು ಗಂಟೆ. ಇಲ್ಲಿ ತಿರುಗಿಸೋಕೆ ಜಾಗ ಇದೆ. ಅಷ್ಟೇ."

"ತಿರುಗಿಸೋಕೆ ಕೋಟ್ ಬಿಚ್ಬೇಕಾ?" ಎಂದಳು ಫ್ಲೋರೆನ್ಸ್.

"ಕಾಫಿಗೆ..."

"ಈಗ ಇದಕ್ಕೆ ಬ್ಯಾಟರಿ ಅಂತಾರಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅಡುಗೆಮನೆಯೇ ಹಾರಿಹೋಗುವಂಥ ನಗೆ ಎದ್ದಿತು. ಎಳೆಯ ಪಾದ್ರಿಯೂ ಗೋಡೆಯ ಕಡೆ ತಿರುಗಿಕೊಂಡು ನಕ್ಕ. ಯೂಸ್ತಿನಾ ಗಂಡನ ತೋಳನ್ನು ಮೆಲ್ಲಗೆ ಸಡಿಲಿಸಿದಳು. ಅವಳ ಕಣ್ಣಲ್ಲಿ ನೀರಾಡಿತು. "ನೀನು ಒಂದು ಮಾತು ಹೇಳ್ಬಾರ್ದಿತ್ತಾ ನೆಸ್ಟರ್? ನಾನು ಇವರಿಗೆ ಬರೀ ಬೀನ್ಸ್ ಹಾಕಿದೀನಿ."

ಗೆಳೆಯನ ಹೆಸರನ್ನು ಪೂರ್ತಿ ತೊಳೆದುಬಿಡಬೇಕೆಂಬ ಉತ್ಸಾಹ ನೆಸ್ಟರನಿಗೆ ಆಗಲೇ ಉಕ್ಕಿತು. "ವಸೀಲ್ ಅಂಥೋನಲ್ಲ ಯೂಸ್ತಿನಾ! ಜನವರಿಯಲ್ಲಿ ಬಂದಾಗ ನಾಲ್ಕು ದಿನಾನೂ ಕರ್ಲಿಂಗ್ ಮೈದಾನ ಬಿಟ್ಟು ಅಲ್ಲಾಡಿಲ್ಲ, ನಾನೇ ಸಾಕ್ಷಿ!"

ವಸೀಲ್ ಕಣ್ಣು ಮುಚ್ಚಿಕೊಂಡ.

"ಕರ್ಲಿಂಗ್?" ಎಂದಳು ಯೂಸ್ತಿನಾ. ತೋಳು ಮತ್ತೆ ಅವಳ ಕೈಗೆ ಸಿಕ್ಕಿತು. "ನಾನು ಎರಡು ವಾರ ನಿಮಗೆ ಗಂಜಿ ಮಾಡಿ ತಿನ್ನಿಸಿದೆ. ಹಲ್ಲು ನೋವು ಅಂತ!"

ತಂದ ಊಟ ಹಾಳು ಮಾಡುವ ಪದ್ಧತಿ ಆ ಊರಿನಲ್ಲಿಲ್ಲ. ಸತ್ತವರು ಯಾರೂ ಇಲ್ಲವಾದರೂ ಎಲ್ಲರೂ ಕೂತು ಉಂಡರು. ಹೊಸ್ತಿಲ ಮೇಲೆ ಬಿದ್ದ ಎಲೆಕೋಸಿನ ಸುರುಳಿಗಳಲ್ಲಿ ಮೇಲಿನವನ್ನೂ ಎತ್ತಿಕೊಂಡರು. ಹೊರಡುವ ಹೊತ್ತಿಗೆ ನೆಸ್ಟರ್ ಹೆಣದ ಗಾಡಿಯಲ್ಲಿ ಕೂತು ಕೀಲಿ ತಿರುಗಿಸಿದ. ಟಿಕ್ ಎಂದಿತು. ಮತ್ತೆ ತಿರುಗಿಸಿದ. ಟಿಕ್. ಎಳೆಯ ಪಾದ್ರಿ ಹಿಂಬಾಗಿಲನ್ನು ತೆರೆದೇ ಬಿಟ್ಟಿದ್ದ. ಒಳಗಿನ ದೀಪಗಳ ಸಾಲು ಅಷ್ಟು ಹೊತ್ತೂ ಉರಿದು, ಮೊದಲೇ ಸೊರಗಿದ್ದ ಬ್ಯಾಟರಿಯನ್ನು ಬರಿದು ಮಾಡಿತ್ತು. ಇಡೀ ಚಳಿಗಾಲದಲ್ಲಿ ನೆಸ್ಟರನ ಕೈಯಲ್ಲಿ ಸತ್ತ ಒಂದೇ ಬ್ಯಾಟರಿ ಅದು, ಅದೂ ಊರೆಲ್ಲ ನೋಡುತ್ತಿರುವಾಗ. ವಸೀಲ್ ಬಾಡಿಗೆ ಕಾರನ್ನು ಹತ್ತಿರ ತಂದು, ಕೇಬಲ್ ಹಚ್ಚಿ ಗಾಡಿಯನ್ನು ಎಬ್ಬಿಸಿಕೊಟ್ಟ. "ಅರ್ಧ ಗಂಟೆ ಓಡಿಸ್ಬೇಕಂತೆ, ನೆಸ್ಟರ್" ಎಂದ. ಅಷ್ಟು ಸೇಡಾದರೂ ಅವನಿಗೆ ಸಲ್ಲಬೇಕಿತ್ತು.

ಎಲ್ಲರೂ ಹೋದಮೇಲೆ ಪರಾಸ್ಕಾ ಗಾಡಿಯ ಕಿಟಕಿಯ ಬಳಿ ಬಂದಳು. ನಗುತ್ತಿರಲಿಲ್ಲ.

"ಬಿಸಿಲೂರಿನವರ ಗಾಡಿ ಬಂತು. ಪಾದ್ರಿಗಳ ಗಾಡಿ ಬಂತು. ಹೆಣದ ಗಾಡೀನೂ ಬಂತು" ಎಂದಳು. "ನಿನ್ನ ಗಾಡಿ ಮಾತ್ರ ಒಂದು ದಿನಾನೂ ಬರ್ಲಿಲ್ಲ ನೋಡು."

ನೆಸ್ಟರ್ ಇಂಜಿನ್ ಆರಿಸಿ ಇಳಿಯುವಂತಿರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ವಾರವೆಲ್ಲ ಅವನು ಗಾಡಿಗಳನ್ನು ಪಶ್ಚಿಮಕ್ಕೆ ಓಡಿಸಿದ. ಆ ಕಡೆ ತಿರುಗಿಸಲು ಸಿಕ್ಕಿದ್ದು ಕಸ ಸುರಿಯುವ ಗುಂಡಿಯ ದಾರಿ. ಅಲ್ಲಿ ಕಾಗೆಗಳಿದ್ದವು, ಕಾಫಿ ಇರಲಿಲ್ಲ. ಬ್ಯಾಟರಿಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ. ನೆಸ್ಟರನಿಗೆ ಆಯಿತು. ಅರ್ಧ ಗಂಟೆ ಎಂಬುದು ಇಷ್ಟು ಉದ್ದವೆಂದು ಅವನಿಗೆ ತಿಳಿದೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತನ್ನ ಶೆಡ್ಡಿನ ಬಾಗಿಲು ತೆರೆದ. ಅವನ ಸ್ವಂತ ಹಳೆಯ ಹಸಿರು ಪಿಕಪ್ಪು ಅಲ್ಲಿ ನವೆಂಬರಿನಿಂದ ನಿಂತಿತ್ತು. ಊರಿನವರ ಗಾಡಿಗಳಲ್ಲಿ ಓಡಾಡುವವನಿಗೆ ತನ್ನದರ ಅಗತ್ಯವೇ ಬಿದ್ದಿರಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದೂ ಬರಲಿಲ್ಲ. ಮುಚ್ಚಳ ಎತ್ತಿ ನೋಡಿದ. ಬರಿದಾದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟಿ, ಹೊಟ್ಟೆ ಉಬ್ಬಿ, ಪಕ್ಕದಲ್ಲಿ ಸೀಳಿಹೋಗಿತ್ತು. ಅದಕ್ಕೆ ಚಾರ್ಜರ್ ಹಚ್ಚಿದರೆ ಹೆಣಕ್ಕೆ ಕಷಾಯ ಕುಡಿಸಿದಂತೆ. ಬೇರೆ ಯಾರದ್ದಾದರೂ ಆಗಿದ್ದರೆ ಒಂದು ಗಂಟೆ ಉಪದೇಶ ಕೊಡುತ್ತಿದ್ದ.

ನಡೆದುಕೊಂಡೇ ಕೋ-ಆಪ್ ಅಂಗಡಿಗೆ ಹೋದ. ಕಾಫಿ ಮೇಜು ತುಂಬಿತ್ತು.

"ಒಂದು ಬ್ಯಾಟರಿ ಬೇಕು" ಎಂದ, ಕೌಂಟರಿನವನಿಗೆ ಮಾತ್ರ ಕೇಳುವಂತೆ.

"ಯಾರ ಗಾಡಿಗೆ?" ಎಂದಳು ಫ್ಲೋರೆನ್ಸ್ ಮೂಲೆಯಿಂದ.

"ನನ್ನದಕ್ಕೆ."

ಫ್ಲೋರೆನ್ಸ್ ಅವನ ಅಂಗಿಯ ಇಸ್ತ್ರಿ ನೋಡಿದಳು, ಕೆನ್ನೆಯ ಮೇಲೆ ಕ್ಷೌರದ ಗಾಯಕ್ಕೆ ಅಂಟಿಸಿದ ಕಾಗದದ ಚೂರು ನೋಡಿದಳು. ಬಾಯಿ ತೆರೆದಳು. ಏನನ್ನಿಸಿತೋ, ಮತ್ತೆ ಮುಚ್ಚಿದಳು. ಎದ್ದು ಬಂದು, ಅವನ ಕೆನ್ನೆಯ ಕಾಗದದ ಚೂರನ್ನು ಉಗುರಿನಿಂದ ತೆಗೆದು, "ಅದನ್ನ ಹೊತ್ಕೊಂಡು ಅಷ್ಟು ದೂರ ನಡೀಬೇಡ. ಕಾರಲ್ಲಿ ಬಿಡ್ತೀನಿ, ಬಾ" ಎಂದಳು.

ಪರಾಸ್ಕಾ ಟ್ರ್ಯಾಕ್ಟರಿನಲ್ಲಿ ಅಂಗಳದ ಹಿಮ ತಳ್ಳುತ್ತಿದ್ದಳು. ಹಸಿರು ಪಿಕಪ್ಪು ಒಳಗೆ ಬಂದದ್ದನ್ನು ಕಂಡು ಇಂಜಿನ್ ನಿಲ್ಲಿಸಿ, ಮೇಲಿನಿಂದಲೇ ಕೇಳಿದಳು.

"ಇದು ಯಾರದು?"

"ನನ್ನದು."

"ಬ್ಯಾಟರಿ ಹೇಗಿದೆ?"

"ಹೊಸದು" ಎಂದ ನೆಸ್ಟರ್. "ಇವತ್ತೇ ಹಾಕಿದ್ದು. ಪೂರ್ತಿ ಚಾರ್ಜ್ ಇದೆ. ಅದಕ್ಕೆ ಓಡಾಟದ ಅಗತ್ಯವೇನೂ ಇಲ್ಲ."

ಪರಾಸ್ಕಾ ಟ್ರ್ಯಾಕ್ಟರಿನಿಂದ ಇಳಿದಳು. "ಮತ್ತೆ ಯಾಕೆ ಬಂದೆ?"

ಈ ಪ್ರಶ್ನೆಗೆ ದಾರಿಯುದ್ದಕ್ಕೂ ಅವನು ಒಂದು ಉತ್ತರ ಬಾಯಿಪಾಠ ಮಾಡಿಕೊಂಡಿದ್ದ. ಒಳ್ಳೆಯ ಉತ್ತರವೇ ಇತ್ತು. ಈಗ ಅದರ ಒಂದು ಅಕ್ಷರವೂ ಉಳಿದಿರಲಿಲ್ಲ.

"ನೀನಿದೀಯಲ್ಲ" ಎಂದ.

ಜೂನ್ ತಿಂಗಳಲ್ಲಿ ಮಂಡಿ ನೆಟ್ಟಗಾಗಿ ಬಂದ ಹಿರಿಯ ಪಾದ್ರಿಗಳೇ ಅವರ ಮದುವೆ ಮಾಡಿಸಿದರು. ತಮ್ಮ ಕಾರಿಗೆ ಬಂದಿದ್ದ ಅಪವಾದವನ್ನು ಅವರು ಪ್ರವಚನದಲ್ಲೇ ಪ್ರಸ್ತಾಪಿಸಿದಾಗ ಫ್ಲೋರೆನ್ಸ್ ಬೆಂಚಿನ ಕೆಳಗೆ ಏನನ್ನೋ ಹುಡುಕತೊಡಗಿದಳು. ವಸೀಲ್ ಮತ್ತು ಯೂಸ್ತಿನಾ ಮುಂದಿನ ಸಾಲಿನಲ್ಲಿ ಕೂತಿದ್ದರು. ಕರ್ಲಿಂಗ್ ಪಂದ್ಯಕ್ಕೆ ಇನ್ನು ಮೇಲೆ ಇಬ್ಬರೂ ಒಟ್ಟಿಗೆ ಬರುವುದೆಂದು ಅವರಲ್ಲಿ ಒಪ್ಪಂದವಾಗಿತ್ತು. ವಸೀಲನಿಗೆ ಅದರಿಂದ ಸಂತೋಷವಾಯಿತೋ ದುಃಖವಾಯಿತೋ ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಊಟದ ಹೊತ್ತಿಗೆ ಯಾರೋ ಮದುಮಗನಿಗೆ ನಾಲ್ಕು ಮಾತಾಡಲು ಹೇಳಿದರು. ನೆಸ್ಟರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಪರಾಸ್ಕಾ ಅವನ ಕೋಟಿನ ತುದಿ ಹಿಡಿದು ಎಳೆದು, "ಇವತ್ತೊಂದು ದಿನ ಬ್ಯಾಟರಿ ವಿಷಯ ಬೇಡ ಕಣೋ" ಎಂದಳು. ಅವನು ಯೋಚನೆ ಮಾಡಿದ. ಬೇರೆ ಯಾವ ಮಾತೂ ಹೊಳೆಯದೆ, ಎಲ್ಲರಿಗೂ ಕೈಮುಗಿದು ಕೂತು ಊಟ ಮುಂದುವರಿಸಿದ.